ಮಂಡಿನೋವಿನ ಕಷಾಯ ಬರೆಯುವಾಗ ಬಿಪಿ ಮಾತ್ರೆಯವರನ್ನೂ ನೆನಪಿಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮಂಡಿನೋವಿಗೆ ಮನೆಮದ್ದು ಅಂತ ಅರ್ಧ ಪುಟ ಬಂದಿತ್ತು. ಶುಂಠಿ, ಅರಿಶಿನ, ಕಾಳುಮೆಣಸು, ಜ್ಯೇಷ್ಠಮಧು ಹಾಕಿ ಕುದಿಸಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ, ರಾತ್ರಿ ಮಲಗುವಾಗ ಇನ್ನೊಂದು ಲೋಟ, ಬಿಡದೆ ಮೂರು ತಿಂಗಳು ಕುಡಿಯಬೇಕು, ಅಡ್ಡಪರಿಣಾಮ ಏನೂ ಇಲ್ಲ. ಅದರ ಕೆಳಗೇ ಒಂದು ಜಾಹೀರಾತು. ಗಂಟುನೋವು ಬುಡದಿಂದ ಹೋಗುತ್ತದೆ, ಇಂಗ್ಲಿಷ್ ಮದ್ದಿನ ಜೊತೆಗೂ ತೆಗೆದುಕೊಳ್ಳಬಹುದು, ಗ್ಯಾರಂಟಿ. ಆ ಪುಟವನ್ನು ಕತ್ತರಿಸಿ ಹಿಡಿದುಕೊಂಡು ನಮ್ಮ ಅಂಗಡಿಗೆ ಜ್ಯೇಷ್ಠಮಧು ಪುಡಿ ಕೇಳಲು ಬಂದವರಿದ್ದಾರೆ. ಅದೇ ಕೈಯಲ್ಲಿ ಬಿಪಿ ಮಾತ್ರೆಯ ಚೀಟಿಯೂ ಇತ್ತು. ಅದಕ್ಕೇ ಈ ಪತ್ರ.

ನಾನು ಉಡುಪಿ ಹತ್ತಿರದ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಕೌಂಟರಿನ ಈಚೆ ನಿಂತವರಿಗೆ ಒಂದು ಅನುಕೂಲ ಇದೆ. ಡಾಕ್ಟರಿಗೆ ಅವರು ಬರೆದ ಚೀಟಿ ಮಾತ್ರ ಕಾಣುತ್ತದೆ, ಆಯುರ್ವೇದದ ಪಂಡಿತರಿಗೆ ಅವರು ಕೊಟ್ಟ ಬಾಟಲಿ ಮಾತ್ರ. ನಮಗೆ ಎರಡೂ ಒಂದೇ ಚೀಲದಲ್ಲಿ ಕಾಣುತ್ತವೆ. ಮೇಲಿಂದ ಟಿವಿಯಲ್ಲಿ ನೋಡಿ ತರಿಸಿದ ಕ್ಯಾಪ್ಸೂಲ್, ಮುಂಬೈಯಿಂದ ಮಗ ಕಳಿಸಿದ ಎಣ್ಣೆ, ಯಾರೋ ಸಂಬಂಧಿಕರು ಕೊಟ್ಟ ಹೆಸರಿಲ್ಲದ ಪುಡಿ.

ಕಷಾಯದ ಮೇಲೆ ನನಗೆ ಕೋಪ ಇಲ್ಲ. ನಮ್ಮ ಮನೆಯಲ್ಲೂ ಕೊತ್ತಂಬರಿ ಜೀರಿಗೆ ಕಷಾಯ ಕುದಿಯುತ್ತದೆ, ಒಂದೆಲಗದ ತಂಬುಳಿ ಆಗುತ್ತದೆ, ಮಂಡಿ ಊದಿದರೆ ಲಕ್ಕಿಸೊಪ್ಪಿನ ಬಿಸಿನೀರಿನ ಶಾಖ ಕೊಡುತ್ತೇವೆ. ಇದೆಲ್ಲ ಅಡುಗೆಮನೆಯ ಮಟ್ಟದ್ದು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಅರಿಶಿನದ ಸಾರ ತೆಗೆದು ಒತ್ತಿ ತುಂಬಿದ ಕ್ಯಾಪ್ಸೂಲಿಗೂ ಅಜಗಜಾಂತರ ಇದೆ. ಒಂದು ಊಟ, ಇನ್ನೊಂದು ಮದ್ದು. ಮದ್ದು ಅಂದಮೇಲೆ ಅದಕ್ಕೆ ಡೋಸ್ ಇದೆ, ಇನ್ನೊಂದು ಮದ್ದಿನ ಜೊತೆ ಜಗಳವೂ ಇರುತ್ತದೆ. ಜಗಳ ಆಗುವುದಿಲ್ಲ ಅನ್ನುವುದಾದರೆ ಅದು ಮದ್ದೇ ಅಲ್ಲ ಅಂತ ಒಪ್ಪಬೇಕಾಗುತ್ತದೆ. ಆಯುರ್ವೇದವನ್ನು ಗೌರವಿಸುವವರು ಯಾರೂ ಅದನ್ನು ಒಪ್ಪುವುದಿಲ್ಲ, ಅಲ್ವಾ?

ಅರಿಶಿನದ ಜೊತೆ ಕಾಳುಮೆಣಸು ಹಾಕಬೇಕು ಅಂತ ಈಗ ಎಲ್ಲರಿಗೂ ಗೊತ್ತು. ಯಾಕೆ ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಸುಮ್ನೆ ತಿಂದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಒಂದು ಪರೀಕ್ಷೆ ಪ್ರಕಟಿಸಿದರು. 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಖಾರದ ಅಂಶವಾದ ಪೈಪರಿನ್ ಬರೀ 20 ಮಿಲಿಗ್ರಾಂ ಕೊಟ್ಟಾಗ ಕರ್ಕ್ಯುಮಿನ್ ದೇಹಕ್ಕೆ ಸಿಗುವ ಪ್ರಮಾಣ ಶೇಕಡಾ 2000ದಷ್ಟು ಹೆಚ್ಚಿತು. ಇವತ್ತು ಮಾರುಕಟ್ಟೆಯಲ್ಲಿರುವ ಅರಿಶಿನ ಮೆಣಸಿನ ಕ್ಯಾಪ್ಸೂಲುಗಳೆಲ್ಲ ಇದೇ ಲೆಕ್ಕದ ಮೇಲೆ ನಿಂತಿವೆ. ಆದರೆ ಪೈಪರಿನ್ ಅರಿಶಿನಕ್ಕೆ ಮಾತ್ರ ಬಾಗಿಲು ತೆರೆದು ಉಳಿದವರನ್ನು ಹೊರಗೆ ನಿಲ್ಲಿಸುವುದಿಲ್ಲ. ಲಿವರ್ ಮತ್ತು ಕರುಳಿನಲ್ಲಿ ಮದ್ದನ್ನು ಒಡೆದು ಹೊರಹಾಕುವ ಕೆಲಸವನ್ನೇ ಅದು ನಿಧಾನ ಮಾಡುತ್ತದೆ. ಹಾಗಾಗಿ ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೂ ಕೈನಡುಕಕ್ಕೂ ಕೊಡುವ ಪ್ರೊಪ್ರನಲಾಲ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಇವುಗಳ ಮಟ್ಟವೂ ರಕ್ತದಲ್ಲಿ ಏರುತ್ತದೆ. ಡಾಕ್ಟರು ಅಳೆದು ಕೊಟ್ಟ ಮಾತ್ರೆ ಅಳತೆ ಮೀರುತ್ತದೆ, ಚೀಟಿಯಲ್ಲಿ ಒಂದಕ್ಷರವೂ ಬದಲಾಗದೆ.

ಜನ ಎರಡೆರಡು ಮದ್ದು ಯಾಕೆ ಮಾಡುತ್ತಾರೆ ಅನ್ನುವುದನ್ನು ಬೈಯುವ ಮೊದಲು ಸ್ವಲ್ಪ ನೋಡಬೇಕು. ನಮ್ಮ ಕಡೆ ನೋವು ಇಲ್ಲದ ಮನೆ ಯಾವುದಿದೆ ಹೇಳಿ. ದಿನವಿಡೀ ಕಾಲು ಮಡಿಸಿ, ಕುತ್ತಿಗೆ ಬಗ್ಗಿಸಿ ಬೀಡಿ ಕಟ್ಟುವ ಹೆಂಗಸರು. ಗೇರುಬೀಜದ ಕಾರ್ಖಾನೆಯವರು. ಮಲ್ಪೆಯಲ್ಲಿ ಬಲೆ ಎಳೆಯುವವರು, ಮೀನಿನ ಬುಟ್ಟಿ ಹೊರುವವರು. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರು. ಹಳೆಯ ಚಿಕೂನ್‌ಗುನ್ಯಾದವರು ಬೇರೆ. 2008ರಲ್ಲಿ ಸುಳ್ಯ, ಪುತ್ತೂರು ಕಡೆ ಅದು ಬಂದಾಗ ಜ್ವರ ವಾರದಲ್ಲಿ ಬಿಟ್ಟಿತು, ಗಂಟುನೋವು ಎಷ್ಟೋ ಜನರನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಮೂರು ತಿಂಗಳು ದಾಟಿದ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಅನ್ನುತ್ತದೆ. ಇಲ್ಲಿ ಮೂವತ್ತು ವರ್ಷದ ನೋವಿನವರು ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಾರೆ. ಡಾಕ್ಟರ ಹತ್ತಿರ ಹೋದರೆ ಐದು ದಿನದ ಮಾತ್ರೆ. ತೆಗೆದುಕೊಂಡರೆ ನೋವು ಕಡಿಮೆ, ಹೊಟ್ಟೆ ಉರಿ ಜಾಸ್ತಿ. ಆರನೇ ದಿನ ನೋವು ವಾಪಸ್. ಹೀಗಿರುವಾಗ ಪಕ್ಕದ ಮನೆಯವರು ಒಂದು ಕಷಾಯ ಹೇಳಿದರೆ ಕುಡಿಯದೆ ಇರುತ್ತಾರಾ? ನಾನಾದರೂ ಕುಡಿಯುತ್ತೇನೆ.

ಕುಡಿಯುವುದರಲ್ಲಿ ತಪ್ಪಿಲ್ಲ. ಮುಚ್ಚಿಡುವುದರಲ್ಲಿ ಇದೆ. ಅದಕ್ಕೂ ರೋಗಿಗಳನ್ನು ನಾನು ಪೂರ್ತಿ ದೂರುವುದಿಲ್ಲ. "ಡಾಕ್ಟ್ರಿಗೆ ಹೇಳಿದ್ದೀರಾ?" ಅಂತ ಕೇಳಿದರೆ ಬರುವ ಉತ್ತರ ಒಂದೇ, "ಅಯ್ಯೋ, ಹೇಳಿದ್ರೆ ಬೈತಾರೆ ಮಾರಾಯ್ರೆ." ಪಂಡಿತರ ಹತ್ತಿರ ಹೋದಾಗ ಇದೇ ಜನ ಇಂಗ್ಲಿಷ್ ಮದ್ದಿನ ವಿಷಯ ಎತ್ತುವುದಿಲ್ಲ, ಎಲ್ಲ ನಿಲ್ಲಿಸಿ ಬನ್ನಿ ಅಂದುಬಿಟ್ಟರೆ ಅಂತ ಹೆದರಿಕೆ. ಇಬ್ಬರು ಓದಿದವರ ನಡುವೆ ಒಬ್ಬ ವಯಸ್ಸಾದ ಹೆಂಗಸು ಎರಡೂ ಕಡೆ ಸುಳ್ಳು ಹೇಳಿಕೊಂಡು ಓಡಾಡಬೇಕು. ಇದು ನಾಚಿಕೆಗೇಡು. ಅವರಿಗಲ್ಲ, ನಮಗೆ, ಬಿಳಿ ಕೋಟಿನವರಿಗೆ.

ಈಗ ನಿಮ್ಮ ಪುಟದ ಜ್ಯೇಷ್ಠಮಧುವಿಗೆ ಬರೋಣ. ಗಂಟಲಿಗೆ ಒಂದು ಚೂರು ಬಾಯಲ್ಲಿಟ್ಟು ಚೀಪುವುದು ಬೇರೆ, ದಿನಕ್ಕೆ ಎರಡು ಲೋಟ ಮೂರು ತಿಂಗಳು ಕುಡಿಯುವುದು ಬೇರೆ. ಅದರಲ್ಲಿರುವ ಗ್ಲಿಸರೈಝಿನ್ ದೇಹದಲ್ಲಿ ಉಪ್ಪು ನೀರು ನಿಲ್ಲಿಸುತ್ತದೆ, ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಬಿಪಿ ಏರುತ್ತದೆ, ಕಾಲು ಊದುತ್ತದೆ. ಡಾಕ್ಟರು ಏನು ಮಾಡುತ್ತಾರೆ? ಬಿಪಿ ಹತೋಟಿಗೆ ಬರುತ್ತಿಲ್ಲ ಅಂತ ಮಾತ್ರೆ ಹೆಚ್ಚಿಸುತ್ತಾರೆ, ಊತಕ್ಕೆ ಮೂತ್ರ ಹೋಗುವ ಮಾತ್ರೆ ಸೇರಿಸುತ್ತಾರೆ. ಆ ಮಾತ್ರೆಗಳಲ್ಲಿ ಹೆಚ್ಚಿನವು ಪೊಟ್ಯಾಸಿಯಂ ಅನ್ನು ಇನ್ನಷ್ಟು ಇಳಿಸುತ್ತವೆ. ಮೈಕೈ ಸುಸ್ತು, ಸ್ನಾಯು ಸೆಳೆತ, ಎದೆಬಡಿತ ಏರುಪೇರು. ಹೃದಯಕ್ಕೆ ಡಿಜಾಕ್ಸಿನ್ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಇಳಿದರೆ ಅದೇ ಮಾತ್ರೆ ವಿಷವಾಗಬಹುದು. ಎಲ್ಲ ಶುರುವಾದದ್ದು ಮಂಡಿನೋವಿನ ಕಷಾಯದಿಂದ. ಅದೇ ನೋವಿಗೆ ಎಟೋರಿಕಾಕ್ಸಿಬ್ ಮಾತ್ರೆಯೂ ಸೇರಿದ್ದರೆ ಅದೂ ಬಿಪಿ ಏರಿಸುವಂಥದ್ದೇ. ನಿಮ್ಮ ಪುಟದಲ್ಲಿ "ಬಿಪಿ ಇದ್ದವರಿಗೆ ಬೇಡ" ಅಂತ ಮೂರು ಪದ ಹಾಕಲು ಜಾಗ ಇರಲಿಲ್ಲವಾ?

ರಕ್ತ ತೆಳು ಮಾಡುವ ಮಾತ್ರೆಯವರ ವಿಷಯ ಇನ್ನೂ ಸೂಕ್ಷ್ಮ. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಾರೆ. ಹೃದಯದ ಕವಾಟ ಬದಲಾಯಿಸಿದವರು ವಾರ್ಫರಿನ್ ಅಥವಾ ಅಸಿಟ್ರಾಮ್. ಈ ಎರಡನೆಯವರಿಗೆ, ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಆಗುತ್ತದೆ ಅಂತ ತೋರಿಸುವ ಐಎನ್‌ಆರ್ ಅನ್ನುವ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು, ಸಾಮಾನ್ಯವಾಗಿ ಅದು 2ರಿಂದ 3ರ ಆಸುಪಾಸಿನಲ್ಲಿ ಇರಬೇಕು, ಕೆಲವು ಕವಾಟಗಳಿಗೆ ಸ್ವಲ್ಪ ಜಾಸ್ತಿ. ನ್ಯೂಜಿಲೆಂಡಿನ ಔಷಧ ನಿಯಂತ್ರಣದವರು 2018ರಲ್ಲಿ ಒಂದು ಎಚ್ಚರಿಕೆ ಹೊರಡಿಸಿದ್ದರು. ವಾರ್ಫರಿನ್ ಮೇಲೆ ಸರಿಯಾಗಿದ್ದ ಒಬ್ಬ ರೋಗಿ ಅರಿಶಿನದ ಒಂದು ಉತ್ಪನ್ನ ಶುರುಮಾಡಿದ ಕೆಲವೇ ವಾರದಲ್ಲಿ ಐಎನ್‌ಆರ್ 10 ದಾಟಿತ್ತು. ಅಷ್ಟಾದರೆ ಸಣ್ಣ ಪೆಟ್ಟಿಗೂ ಮಿದುಳಿನೊಳಗೆ ರಕ್ತ ಸುರಿಯಬಹುದು. ಬೆಳ್ಳುಳ್ಳಿ, ಶುಂಠಿ ಸಾರದ ಕ್ಯಾಪ್ಸೂಲುಗಳಿಂದಲೂ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ನಿಧಾನ ಆಗುತ್ತದೆ. ಮೇಲೆ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಬಿದ್ದರೆ ಹೊಟ್ಟೆಯಲ್ಲಿ ಹುಣ್ಣು, ಕಪ್ಪು ಟಾರಿನಂಥ ಮಲ.

ತಿನ್ನುವುದು ಮಾತ್ರ ಅಲ್ಲ, ಹಚ್ಚುವುದೂ ಲೆಕ್ಕಕ್ಕೆ ಬರುತ್ತದೆ. ನೋವಿನ ಬಾಮ್‌ಗಳ ಘಾಟು ವಾಸನೆ ಹೆಚ್ಚಾಗಿ ಮೀಥೈಲ್ ಸ್ಯಾಲಿಸಿಲೇಟಿನದ್ದು. ಅದು ಆಸ್ಪಿರಿನ್‌ನ ಸಂಬಂಧಿ, ಚರ್ಮದ ಮೂಲಕ ಒಳಗೆ ಹೋಗುತ್ತದೆ. ವಾರ್ಫರಿನ್‌ನವರು ದಿನಾ ಎರಡೂ ಮಂಡಿಗೆ ಧಾರಾಳವಾಗಿ ಹಚ್ಚಿ, ಮೇಲೆ ಬಿಸಿನೀರಿನ ಶಾಖವನ್ನೂ ಕೊಟ್ಟರೆ ಐಎನ್‌ಆರ್ ಏರಿದ್ದಕ್ಕೆ ಉದಾಹರಣೆಗಳಿವೆ. "ಹೊರಗಿನದ್ದಲ್ವಾ, ಎಂತ ಆಗ್ತದೆ?" ಅಂತ ಕೇಳುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಸಕ್ಕರೆ ಕಾಯಿಲೆಯವರದ್ದು ಇನ್ನೊಂದು ಕಥೆ. ಪಾದ ಉರಿ, ಜೋಮು ಅಂತ ಪ್ರಿಗಾಬಲಿನ್ ತೆಗೆದುಕೊಳ್ಳುತ್ತಾರೆ, ಅದು ಮೊದಲೇ ತೂಕಡಿಸುವ ಮಾತ್ರೆ. ಜೊತೆಗೆ ನಿದ್ದೆಗೆ ಅಂತ ಅಶ್ವಗಂಧ, ಸಕ್ಕರೆಗೆ ಅಂತ ಹಾಗಲಕಾಯಿ ರಸ, ಮೆಂತೆ ನೀರು, ಅಮೃತಬಳ್ಳಿ. ಮಾತ್ರೆ, ಇನ್ಸುಲಿನ್ ಇದ್ದ ಹಾಗೇ ಇರುತ್ತದೆ. ರಾತ್ರಿ ಬಾತ್‌ರೂಮಿಗೆ ಎದ್ದಾಗ ಸಕ್ಕರೆ ಇಳಿದಿದೆ, ಕಣ್ಣು ಮಂಪರು, ನೆಲ ಒದ್ದೆ. ಸೊಂಟದ ಎಲುಬು ಮುರಿದದ್ದು ಯಾವುದರಿಂದ ಅಂತ ಆಮೇಲೆ ಯಾರೂ ಲೆಕ್ಕ ಹಾಕುವುದಿಲ್ಲ, ಜಾರಿ ಬಿದ್ದರು ಅಷ್ಟೇ.

ಅಮೃತಬಳ್ಳಿ ಅಂದೆನಲ್ಲ. ಕೊರೋನಾ ಸಮಯದಲ್ಲಿ ನಮ್ಮ ಕಡೆ ಕಾಂಪೌಂಡಿಗೊಂದು ಬಳ್ಳಿ ಹಬ್ಬಿತು. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟ ಆರು ರೋಗಿಗಳ ಬಗ್ಗೆ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂದಿತು. ಜಗಳ ಅವರವರದ್ದು. ಗಂಟುವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ನನ್ನ ಮಾತು ಇಷ್ಟೇ. ಆ ಮಾತ್ರೆ ಲಿವರ್ ಮೇಲೆ ಮೊದಲೇ ಭಾರ ಹಾಕುತ್ತದೆ, ಅದಕ್ಕೇ ನಿಮಗೆ ಆಗಾಗ ರಕ್ತಪರೀಕ್ಷೆ ಬರೆದುಕೊಡುವುದು. ಅದೂ ಅಲ್ಲದೆ ನಿಮ್ಮ ಕಾಯಿಲೆ ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೇ ತಿರುಗಿಬಿದ್ದದ್ದು, ಅದನ್ನು ತಗ್ಗಿಸಲು ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ನೀವು ಅದನ್ನೇ "ಇಮ್ಯುನಿಟಿ ಹೆಚ್ಚಾಗಲಿ" ಅಂತ ಎಬ್ಬಿಸಲು ಹೋಗುವುದು ಎಂತ ಲೆಕ್ಕ? ಅರಿಷ್ಟಗಳನ್ನೂ ಕೇಳಿಯೇ ಕುಡಿಯಿರಿ. ಬಲಾರಿಷ್ಟ, ಅಶ್ವಗಂಧಾರಿಷ್ಟದಂಥವು ಹುದುಗು ಬರಿಸಿ ಮಾಡುವ ಮದ್ದು, ತಾನಾಗಿ ಹುಟ್ಟಿದ ಆಲ್ಕೋಹಾಲ್ ಅದರಲ್ಲಿ ಇದ್ದೇ ಇರುತ್ತದೆ, ಲೇಬಲ್ ಓದಿದರೆ ಕಾಣುತ್ತದೆ.

ಗುಗ್ಗುಲು ಬಗ್ಗೆ ಚುಟುಕಾಗಿ ಹೇಳುತ್ತೇನೆ. ಗಂಟುನೋವಿಗೆ ಹೆಚ್ಚು ಮಾರಾಟ ಆಗುವ ಗುಳಿಗೆಗಳು ಅದರವೇ. ಆರೋಗ್ಯವಂತರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಗುಗ್ಗುಲು ಪ್ರೊಪ್ರನಲಾಲ್ ಮತ್ತು ಡಿಲ್ಟಿಯಾಜೆಮ್ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಇಳಿಸಿದ್ದು ಕಂಡಿದೆ. ಅಂದರೆ ಮೆಣಸು ಏರಿಸುವ ಪ್ರೊಪ್ರನಲಾಲ್ ಅನ್ನು ಇದು ಇಳಿಸುತ್ತದೆ. ಮತ್ತೆ ಯೋಗರಾಜ ಗುಗ್ಗುಲು ಬೇರೆ, ಮಹಾಯೋಗರಾಜ ಗುಗ್ಗುಲು ಬೇರೆ. ಎರಡನೆಯದರಲ್ಲಿ ಸೀಸದ ಭಸ್ಮ, ಪಾದರಸದ ರಸಸಿಂಧೂರ ಸೇರಿರುತ್ತವೆ. ಅದನ್ನು ವೈದ್ಯರು ನೋಡಿ, ದಿನ ಲೆಕ್ಕ ಹಾಕಿ ಕೊಡಬೇಕೇ ಹೊರತು ಅಂಗಡಿಯಲ್ಲಿ ಕೇಳಿ ಪಡೆದು ವರ್ಷಗಟ್ಟಲೆ ನುಂಗುವಂಥದ್ದಲ್ಲ. 2008ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ ಬಂದ ವರದಿಯ ಪ್ರಕಾರ, ಇಂಟರ್‌ನೆಟ್‌ನಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಅದರಲ್ಲಿ ಅಮೆರಿಕದಲ್ಲೇ ತಯಾರಾದವೂ ಇದ್ದವು, ಹಾಗಾಗಿ ಬರೀ ನಮ್ಮವರನ್ನು ಬೈದು ಪ್ರಯೋಜನ ಇಲ್ಲ.

"ಒಂದು ಗಂಟೆ ಬಿಟ್ಟು ತೆಗೆದುಕೊಂಡರೆ ಎರಡೂ ಆಗುತ್ತದೆ." ಈ ಮಾತನ್ನು ನಾನು ರೋಗಿಗಳಿಂದ ಮಾತ್ರ ಅಲ್ಲ, ಓದಿದವರಿಂದಲೂ ಕೇಳಿದ್ದೇನೆ. ಅರ್ಧ ಸತ್ಯ. ಹೊಟ್ಟೆಯಲ್ಲಿ ಒಂದು ಇನ್ನೊಂದಕ್ಕೆ ಅಂಟಿಕೊಳ್ಳುವ ವಿಷಯ ಆದರೆ ಅಂತರ ಬಿಡುವುದು ಸರಿ. ಇಸಬ್‌ಗೋಲ್ ಕುಡಿದ ಕೂಡಲೇ ಮಾತ್ರೆ ನುಂಗಿದರೆ ಅದು ಸರಿಯಾಗಿ ಸೇರುವುದಿಲ್ಲ, ಎರಡು ಗಂಟೆ ಬಿಡಿ. ಥೈರಾಯ್ಡ್ ಮಾತ್ರೆಯೂ ಖಾಲಿ ಹೊಟ್ಟೆಗೆ, ಕಷಾಯವೂ ಖಾಲಿ ಹೊಟ್ಟೆಗೆ ಅಂತ ಹೇಳಿದಾಗ ಮಾತ್ರೆ ಮೊದಲು, ಕಷಾಯ ಆಮೇಲೆ. ಆದರೆ ರಕ್ತ ತೆಳು ಮಾಡುವುದು, ಸಕ್ಕರೆ ಇಳಿಸುವುದು, ನಿದ್ದೆ ಬರಿಸುವುದು, ಪೊಟ್ಯಾಸಿಯಂ ಕಳೆಯುವುದು, ಲಿವರಿನ ಕೆಲಸ ನಿಧಾನ ಮಾಡುವುದು, ಇವೆಲ್ಲ ದಿನವಿಡೀ ನಡೆಯುವ ಕೆಲಸ. ಬೆಳಿಗ್ಗೆ ಕುಡಿದ ಜ್ಯೇಷ್ಠಮಧು ರಾತ್ರಿಯ ಮಾತ್ರೆಗೆ ದಾರಿ ಬಿಟ್ಟು ನಿಲ್ಲುವುದಿಲ್ಲ. ಗಡಿಯಾರ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಎಲ್ಲಕ್ಕಿಂತ ನನಗೆ ಹೆದರಿಕೆ ಇರುವುದು ಹೆಸರಿಲ್ಲದ ಪುಡಿಯದ್ದು. ಪೇಪರಿನಲ್ಲಿ ಕಟ್ಟಿದ ಪೊಟ್ಟಣ, ಅಥವಾ ಬಿಳಿ ಪ್ಲಾಸ್ಟಿಕ್ ಡಬ್ಬಿ, ಮೇಲೆ ಏನೂ ಬರೆದಿರುವುದಿಲ್ಲ. ಎಲ್ಲಿಂದ ಅಂದರೆ ಘಟ್ಟದ ಮೇಲಿನಿಂದ, ಕೇರಳದಿಂದ, ಯಾರೋ ಬಸ್ಸಿನಲ್ಲಿ ಕೊಟ್ಟರು. "ಎರಡೇ ದಿನದಲ್ಲಿ ನೋವು ಹೋಯ್ತು, ಹಸಿವೆ ಬಂತು, ಮುಖ ತುಂಬಿಕೊಂಡಿತು" ಅಂತ ಸಂತೋಷದಿಂದ ಹೇಳುತ್ತಾರೆ. ಕೇಳುವಾಗ ನನ್ನ ಹೊಟ್ಟೆ ತೊಳಸುತ್ತದೆ. ಇಪ್ಪತ್ತು ವರ್ಷದ ಗಂಟುನೋವನ್ನು ಎರಡು ದಿನದಲ್ಲಿ ಕಳೆಯುವ ಬೇರು ಭೂಮಿಯ ಮೇಲೆ ಇಲ್ಲ. ಅದನ್ನು ಮಾಡುವುದು ಸ್ಟೀರಾಯ್ಡ್, ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್. ಪುಡಿ ಮಾಡಿ ಬೆರೆಸಿದರೆ ಕಣ್ಣಿಗೆ ಕಾಣುವುದಿಲ್ಲ. ಇದು ನಮ್ಮ ಊರಿನ ಕಾಯಿಲೆ ಮಾತ್ರ ಅಲ್ಲ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಗಿಡಮೂಲಿಕೆ ಅಂತ ಮಾರುತ್ತಿದ್ದ ಕೀಲುನೋವಿನ ಗುಳಿಗೆಗಳಲ್ಲಿ ಲೇಬಲಿನಲ್ಲಿ ಹೇಳದ ಡೆಕ್ಸಾಮೆಥಾಸೋನ್, ಡೈಕ್ಲೊಫೆನಾಕ್ ಇವೆ ಅಂತ ಜನರನ್ನು ಎಚ್ಚರಿಸಿತ್ತು.

ಸ್ಟೀರಾಯ್ಡ್ ತಿಂಗಳುಗಟ್ಟಲೆ ಹೊಟ್ಟೆಗೆ ಹೋದರೆ ಸಕ್ಕರೆ ಏರುತ್ತದೆ, ಬಿಪಿ ಏರುತ್ತದೆ, ಮುಖ ದುಂಡಗಾಗುತ್ತದೆ, ಚರ್ಮ ತೆಳುವಾಗಿ ಸುಮ್ನೆ ತಾಗಿದಲ್ಲಿ ನೀಲಿಗಟ್ಟುತ್ತದೆ, ಎಲುಬು ಟೊಳ್ಳಾಗುತ್ತದೆ. ಸಕ್ಕರೆ ಏರಿತು ಅಂತ ಡಾಕ್ಟರು ಮಾತ್ರೆ ಕೊಡುತ್ತಾರೆ, ಬಿಪಿಗೆ ಇನ್ನೊಂದು. ಮೂಲ ಎಲ್ಲಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹೀಗೆ ಓದಿ ಹೆದರಿ ಆ ಪುಡಿಯನ್ನು ಇವತ್ತೇ ತೋಡಿಗೆ ಎಸೆಯುವುದೂ ಅಪಾಯವೇ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ದೇಹಕ್ಕೆ ಬೇಕಾದ ಸ್ಟೀರಾಯ್ಡನ್ನು ತಾನೇ ಮಾಡುತ್ತದೆ. ಹೊರಗಿನಿಂದ ಬರುತ್ತಿದ್ದರೆ ಅದು ಕೆಲಸ ನಿಲ್ಲಿಸಿ ಕೂರುತ್ತದೆ. ಒಮ್ಮೆಲೇ ಹೊರಗಿನದ್ದು ನಿಂತರೆ ವಾಂತಿ, ಬಿಪಿ ಕುಸಿತ, ಪ್ರಜ್ಞೆ ತಪ್ಪುವುದು, ಜೀವಕ್ಕೇ ಅಪಾಯ. ಹಾಗಾಗಿ ಪುಡಿಯ ಡಬ್ಬಿಯನ್ನೇ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ, ಇಷ್ಟು ತಿಂಗಳಿಂದ ತಿನ್ನುತ್ತಿದ್ದೇನೆ ಅಂತ ಹೇಳಿ. ಅವರು ಹಂತಹಂತವಾಗಿ ಇಳಿಸಬೇಕಾಗುತ್ತದೆ. ಬೈದರೆ ಬೈಯಲಿ, ಆ ದಿನ ಬೈಸಿಕೊಳ್ಳಿ.

ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯಂದು ಕುಡಿಯುವ ಪಾಲೆ ಕೆತ್ತೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಹೇಳಿದರೆ ಕೆಲವರಿಗೆ ಬೇಸರ ಆಗಬಹುದು. ವರ್ಷಕ್ಕೊಂದು ದಿನ, ಬೆಳಕು ಹರಿಯುವ ಮೊದಲು ಕಲ್ಲಿನಲ್ಲಿ ಜಜ್ಜಿ ತೆಗೆದ ಹಾಲೆಮರದ ತೊಗಟೆಯ ರಸ, ಕರಿಮೆಣಸು, ಬೆಳ್ಳುಳ್ಳಿ, ಮೇಲೆ ಮೆಂತೆ ಗಂಜಿ. ಅದು ನಮ್ಮ ಸಂಪ್ರದಾಯ, ಇರಲಿ. ಆದರೆ ಇತ್ತೀಚೆಗೆ ತೊಗಟೆಯನ್ನು ಒಣಗಿಸಿಟ್ಟುಕೊಂಡು ನೋವಿಗೆ ಅಂತ ದಿನಾ ಕುದಿಸಿ ಕುಡಿಯುವವರನ್ನು ನೋಡುತ್ತಿದ್ದೇನೆ. ಹಿರಿಯರು ವರ್ಷಕ್ಕೊಮ್ಮೆ ಅಂತ ಇಟ್ಟದ್ದನ್ನು ದಿನಕ್ಕೆ ಎರಡು ಸಲ ಮಾಡಿಕೊಂಡು ಹಿರಿಯರ ಹೆಸರು ಹೇಳುವುದು ಸರಿಯಲ್ಲ. ಕತ್ತಲೆಯಲ್ಲಿ ಮರ ತಪ್ಪುವುದು ಇನ್ನೂ ದೊಡ್ಡ ಅಪಾಯ. ಕಾಸರಕದ ಮರವೂ ನಮ್ಮ ಗುಡ್ಡದಲ್ಲೇ ಇದೆ, ಅದರಲ್ಲಿರುವುದು ಸ್ಟ್ರಿಕ್ನಿನ್, ಮೈ ಬಿಲ್ಲಿನಂತೆ ಸೆಟೆದು ಉಸಿರು ನಿಲ್ಲಿಸುವ ವಿಷ. ಆಯುರ್ವೇದದಲ್ಲಿ ಅದೇ ಕಾಸರಕದ ಬೀಜವನ್ನು ಶುದ್ಧಿ ಮಾಡಿ ನೋವಿಗೂ ವಾತಕ್ಕೂ ಬಳಸುತ್ತಾರೆ. ಆ ಶುದ್ಧಿಗೆ ಶಾಸ್ತ್ರವೇ ಇದೆ. ಕಾನೂನಿನಲ್ಲೂ ಇಂಥ ವಿಷದ್ರವ್ಯಗಳಿಗೆ ಬೇರೆ ಪಟ್ಟಿ ಇದೆ, ಬಾಟಲಿಯ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಿ ಅಂತ ಎಚ್ಚರಿಕೆ ಹಾಕಲೇಬೇಕು. ಮನೆಯಲ್ಲಿ ಮೊಬೈಲ್ ನೋಡಿಕೊಂಡು ಮಾಡುವ ಕೆಲಸ ಅಲ್ಲ ಇದು.

ಇಷ್ಟು ಹೇಳಿ ಇಂಗ್ಲಿಷ್ ಮದ್ದಿನವರು ಬೀಗುವ ಹಾಗೂ ಇಲ್ಲ. ಚೀಟಿ ಇಲ್ಲದೆ "ಆ ಕೆಂಪು ಮಾತ್ರೆ ಒಂದು ಸ್ಟ್ರಿಪ್ ಕೊಡಿ" ಅಂತ ಕೇಳಿ ಪಡೆದು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿ ಕಿಡ್ನಿ ಕಳೆದುಕೊಂಡವರ ವಿಷಯದಲ್ಲಿ ಯಾವ ಬೇರನ್ನೂ ದೂರುವಂತಿಲ್ಲ. ಬಿಪಿಗೆ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್, ಜೊತೆಗೆ ಮೂತ್ರದ ಮಾತ್ರೆ, ಅದರ ಮೇಲೆ ದಿನಾ ಡೈಕ್ಲೊಫೆನಾಕ್ ಅಥವಾ ಅಸಿಕ್ಲೊಫೆನಾಕ್. ಮೂರೂ ಸೇರಿದರೆ ಕಿಡ್ನಿಗೆ ದೊಡ್ಡ ಪೆಟ್ಟು, ವಾಂತಿಭೇದಿ ಆಗಿ ನೀರು ಆರಿದ ದಿನ ಇನ್ನೂ ಜಾಸ್ತಿ. ಇದನ್ನು ಮಾರುವವರು ನಾವೇ, ನಮ್ಮ ಧಂಧೆಯವರೇ. ನನ್ನ ಸಹೋದ್ಯೋಗಿಗಳಿಗೆ ಈ ಸಾಲು ಹಿಡಿಸದಿದ್ದರೆ ಹಿಡಿಸದಿರಲಿ.

ಹಾಗಾದರೆ ಎರಡನ್ನೂ ಸೇರಿಸಲೇಬಾರದಾ? ಸೇರಿಸಬಹುದು. ನೋವಿನ ಮಾತ್ರೆ ಆಗದವರಿಗೆ, ಹೊಟ್ಟೆ ಹುಣ್ಣಿನವರಿಗೆ, ಒಳ್ಳೆಯ ವೈದ್ಯರ ಕೈಯಲ್ಲಿ ಅಭ್ಯಂಗ, ಎಲೆಕಿಳಿ (ಸೊಪ್ಪಿನ ಗಂಟಿನ ಬಿಸಿ ಶಾಖ), ಹದವಾದ ಒಂದು ಕಷಾಯ ಸಿಕ್ಕಿ ಮಾತ್ರೆಯ ಲೆಕ್ಕ ಇಳಿದದ್ದನ್ನು ನಾನೇ ಕೌಂಟರಿನಲ್ಲಿ ನೋಡಿದ್ದೇನೆ. ಅಲ್ಲೆಲ್ಲ ಒಂದು ವಿಷಯ ಸಮಾನ, ಇಬ್ಬರು ವೈದ್ಯರಿಗೂ ಎಲ್ಲ ಗೊತ್ತಿತ್ತು. ಹೊಸದು ಶುರುಮಾಡುವಾಗ ಒಂದೊಂದೇ ಶುರುಮಾಡಿದ್ದರು, ಬಿಪಿ, ಸಕ್ಕರೆ, ಲಿವರ್, ಕಿಡ್ನಿ ನೋಡಿಕೊಂಡಿದ್ದರು, ಡಾಕ್ಟರು ಹೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಿರಲಿಲ್ಲ.

ನಮ್ಮ ಜಿಲ್ಲೆಗೆ ಇದು ಕಷ್ಟದ ಕೆಲಸವೇನೂ ಆಗಬಾರದು. ಮಣಿಪಾಲದ ಮೆಡಿಕಲ್ ಕಾಲೇಜು ಕೆಎಂಸಿ 1953ರದ್ದು, ಕುತ್ಪಾಡಿಯ ಆಯುರ್ವೇದ ಕಾಲೇಜು 1958ರದ್ದು. ಒಂದೇ ಊರಿನ ಎರಡು ಬದಿಯಲ್ಲಿ ಇಷ್ಟು ಹಳೆಯ ಎರಡು ಸಂಸ್ಥೆ ಇರುವ ಜಾಗ ಕರ್ನಾಟಕದಲ್ಲಿ ಹೆಚ್ಚು ಇಲ್ಲ. ರೋಗಿಗಳು ಎರಡಕ್ಕೂ ಹೋಗುತ್ತಾರೆ, ಚೀಟಿಗಳು ಮಾತ್ರ ಒಂದನ್ನೊಂದು ನೋಡುವುದಿಲ್ಲ. ಹೊರರೋಗಿಗಳ ಚೀಟಿಯಲ್ಲಿ ಅಲರ್ಜಿ ಇದೆಯಾ ಅಂತ ಒಂದು ಗೆರೆ ಇರುತ್ತದಲ್ಲ, ಅದರ ಕೆಳಗೆ "ಬೇರೆ ಮದ್ದು, ಕಷಾಯ, ಎಣ್ಣೆ, ಪುಡಿ" ಅಂತ ಇನ್ನೊಂದು ಗೆರೆ ಹಾಕಲಿ. ಮಂಗಳೂರಿನ ವೆನ್‌ಲಾಕ್ ಸರ್ಕಾರಿ ಆಸ್ಪತ್ರೆಯಿಂದ ಹಿಡಿದು ಊರಿನ ಚಿಕ್ಕ ಕ್ಲಿನಿಕ್‌ವರೆಗೆ ಎಲ್ಲರೂ. ಕೇಳುವಾಗ ದನಿ ಏರಿಸದೆ ಕೇಳಲಿ. "ಕಷಾಯ ಗಿಶಾಯ ಕುಡಿಯುವುದಿಲ್ಲ ತಾನೇ?" ಅಂತ ಕೇಳಿದರೆ ಯಾರು ಹೌದು ಅನ್ನುತ್ತಾರೆ? "ಮನೆಯಲ್ಲಿ ಏನೆಲ್ಲ ತೆಗೆದುಕೊಳ್ಳುತ್ತೀರಿ?" ಅಂದರೆ ಬಾಯಿ ತೆರೆದುಕೊಳ್ಳುತ್ತದೆ. ಆಪರೇಷನ್ ಇದ್ದವರನ್ನಂತೂ ಕೇಳಲೇಬೇಕು. ಬೆಳ್ಳುಳ್ಳಿ, ಶುಂಠಿ, ಅರಿಶಿನದ ಕ್ಯಾಪ್ಸೂಲುಗಳನ್ನು ಎರಡು ವಾರ ಮೊದಲೇ ನಿಲ್ಲಿಸಲು ಹೇಳುವುದು ವಾಡಿಕೆ.

ಓದುಗರು ಮಾಡಬಹುದಾದದ್ದು ಸುಲಭ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಬಾಟಲಿ, ಡಬ್ಬಿ, ಬಾಮ್, ಪೊಟ್ಟಣ ಒಂದು ಚೀಲಕ್ಕೆ ತುಂಬಿಸಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಹೆಸರು ನೆನಪಿಡುವ ರಗಳೆ ಇಲ್ಲ. ಯಾವ ಮದ್ದಿನಿಂದಲಾದರೂ ತೊಂದರೆ ಆಯಿತು ಅನಿಸಿದರೆ ದೂರು ಕೊಡಲು ದೇಶದ ಔಷಧ ಸುರಕ್ಷತಾ ವ್ಯವಸ್ಥೆಯ ಉಚಿತ ಸಂಖ್ಯೆ ಇದೆ, 1800-180-3024. ಡಾಕ್ಟರೇ ಮಾಡಬೇಕೆಂದಿಲ್ಲ, ರೋಗಿಯೂ ಮಾಡಬಹುದು. ಆಯುರ್ವೇದದ ಮದ್ದುಗಳಿಗೂ 2018ರಿಂದ ಆಯುಷ್ ಇಲಾಖೆಯ ಇಂಥದ್ದೇ ವ್ಯವಸ್ಥೆ ಇದೆ. ದೂರು ಹೋಗದಿದ್ದರೆ ಯಾವುದು ಯಾವುದರ ಜೊತೆ ಆಗುವುದಿಲ್ಲ ಅನ್ನುವುದು ನಮ್ಮ ದೇಶದ ಲೆಕ್ಕದಲ್ಲಿ ಬರುವುದೇ ಇಲ್ಲ, ನಾವು ನ್ಯೂಜಿಲೆಂಡಿನ ಉದಾಹರಣೆ ಹೇಳುತ್ತಾ ಕೂರಬೇಕು.

ಇನ್ನು ನಿಮ್ಮ ಪಾಲಿನದ್ದು. 1954ರ ಔಷಧ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ 54 ಕಾಯಿಲೆಗಳಿವೆ. ಸಂಧಿವಾತ, ಸಕ್ಕರೆ ಕಾಯಿಲೆ, ಬಿಪಿ ಎಲ್ಲ ಅದರಲ್ಲಿ ಸೇರಿವೆ. ಇವನ್ನು ಗುಣಪಡಿಸುತ್ತೇವೆ ಅಂತ ಮದ್ದಿನ ಜಾಹೀರಾತು ಕೊಡುವಂತಿಲ್ಲ. ಕೊಟ್ಟವರು ಮಾತ್ರ ಅಲ್ಲ, ಅದರ ಪ್ರಕಟಣೆಯಲ್ಲಿ ಪಾಲುಗೊಂಡವರೂ ಕಾಯ್ದೆಯ ಒಳಗೆ ಬರುತ್ತಾರೆ. ಜಾಹೀರಾತು ವಿಭಾಗ ಬೇರೆ, ಸಂಪಾದಕೀಯ ಬೇರೆ ಅಂತ ನೀವು ಹೇಳಬಹುದು. ಪತ್ರಿಕೆ ಕೊಂಡು ಓದುವ ನಮಗೆ ಪುಟ ಒಂದೇ. ಮನೆಮದ್ದಿನ ಅಂಕಣವನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ನನ್ನ ಅತ್ತೆ ಮೊದಲು ಓದುವುದೇ ಅದನ್ನು. ಪ್ರತಿ ಕಷಾಯದ ಕೆಳಗೆ ಯಾರು ಕುಡಿಯಬಾರದು, ಯಾವ ಮಾತ್ರೆಯವರು ಕೇಳಿ ಕುಡಿಯಬೇಕು, ಎಷ್ಟು ದಿನಕ್ಕೆ ನಿಲ್ಲಿಸಬೇಕು ಅಂತ ಎರಡು ಸಾಲು ಹಾಕಿ. ಬರೆದುಕೊಡುವವರಿಗೆ ಅದು ಗೊತ್ತಿಲ್ಲದಿದ್ದರೆ ಆ ಕಷಾಯವನ್ನೂ ಹಾಕಬೇಡಿ. ಕಳೆದ ಭಾನುವಾರದ ಜ್ಯೇಷ್ಠಮಧುವಿನ ವಿಷಯದಲ್ಲಂತೂ ಮುಂದಿನ ಪುರವಣಿಯಲ್ಲಿ, ಅದೇ ಜಾಗದಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ತಿದ್ದುಪಡಿ ಬರಬೇಕು. ಒಳಪುಟದ ಮೂಲೆಯಲ್ಲಿ ಅಲ್ಲ.

ಇಂತಿ,
ಒಬ್ಬರು ಫಾರ್ಮಸಿಸ್ಟ್, ಉಡುಪಿ